ಒಂದು ಒಡಪು ಹೇಳಿ, ನೋಡೋಣ!

ಸೋದರಿಯರೇ, ಒಂದು ಪ್ರಶ್ನೆ ಕೇಳುತ್ತೇನೆ, ಸ್ವಲ್ಪ ಯೋಚಿಸಿ ಉತ್ತರ ಹೇಳಿ. ಕಣ್ಣಲ್ಲಿ ನೀರು ಬರುವಷ್ಟು, ಪಕ್ಕದವರ ಹೆಗಲ ಮೇಲೆ ಬಿದ್ದು ನೀವು ಕೊನೆಯ ಸಲ ನಕ್ಕದ್ದು ಯಾವಾಗ? ಟಿ.ವಿ. ನೋಡಿ ನಕ್ಕದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊಬೈಲಿಗೆ ಬಂದ ಜೋಕು ಓದಿ ಮೂಗಿನಲ್ಲೇ ‘ಹುಂ’ ಅಂದು ಅದನ್ನು ನಾದಿನಿಗೆ ದಾಟಿಸಿದ್ದೂ ಲೆಕ್ಕಕ್ಕಿಲ್ಲ. ಎದುರಿಗೆ ಇನ್ನೊಬ್ಬ ಹೆಂಗಸು ಕೂತಿರಬೇಕು, ಅವಳೂ ನಗುತ್ತಿರಬೇಕು, ಒಲೆಯ ಮೇಲಿನ ಹಾಲು ಉಕ್ಕಿದ್ದು ಇಬ್ಬರಿಗೂ ಗೊತ್ತಾಗಬಾರದು. ಅಂಥ ನಗು!

ಇದೇ ಪ್ರಶ್ನೆಯನ್ನು ನಮ್ಮ ಓಣಿಯ ಒಂಬತ್ತು ಜನರಿಗೆ ಕೇಳಿದೆ. ಹೆಚ್ಚಿನವರು ಸೆರಗು ಸರಿಮಾಡಿಕೊಂಡು ಸೂರು ನೋಡಿದರು. ಒಬ್ಬರು ಮಾತ್ರ, “ನನ್ನ ಮದುವ್ಯಾಗ ನಕ್ಕಿದ್ದೆ ನೋಡ್ರಿ” ಅಂದರು. ಅವರ ಮದುವೆಯಾಗಿ 22 ವರ್ಷ!

ಮದುವೆಯಲ್ಲಿ ಅವರು ನಕ್ಕದ್ದು ಒಡಪಿನಿಂದ. ಮೈಸೂರು ಸೀಮೆಯ ಓದುಗರಿಗೆ ‘ಒಡಪು’ ಎಂದರೆ ಒಗಟು ಎಂದೇ ಗೊತ್ತಿರಬಹುದು. ನಮ್ಮ ಹಾವೇರಿ, ಧಾರವಾಡದ ಕಡೆ ಹೆಂಡತಿ ಗಂಡನ ಹೆಸರನ್ನು ಪ್ರಾಸಕಟ್ಟಿ ಹೇಳುವುದಕ್ಕೂ ಒಡಪು ಅನ್ನುತ್ತಾರೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆಯಿದ್ದ ಕಾಲದಲ್ಲಿ ಮದುಮಗಳನ್ನು ಬಾಗಿಲಲ್ಲೇ ತಡೆದು, “ಹೆಸರು ಹೇಳಿದ್ರ ಒಳಗ, ಇಲ್ಲಾಂದ್ರ ಇಲ್ಲೇ” ಎಂದು ನಾದಿನಿಯರು ಅಡ್ಡ ನಿಲ್ಲುವರು. ಆಕೆ ತಲೆ ತಗ್ಗಿಸಿಕೊಂಡೇ ಎರಡು ಸಾಲು ಹೇಳಬೇಕು. ಮೊದಲ ಸಾಲಿನಲ್ಲಿ ಹೂವೋ, ಹಣ್ಣೋ, ದೇವರೋ, ಮನೆಯ ಸಾಮಾನೋ ಬರುತ್ತದೆ. ಎರಡನೆಯದರಲ್ಲಿ ಹೆಸರು ಬರುತ್ತದೆ, ಕೊನೆಗೆ ಪ್ರಾಸ ಕೂಡುತ್ತದೆ. ಕುಬಸದ ದಿನ, ಆರತಿಯ ಹೊತ್ತು, ಹೊಸ ಮನೆ ಹೊಕ್ಕಾಗ, ಯಾವ ನೆಪವಾದರೂ ಸಾಕು. ಪಕ್ಕದ ಮಹಾರಾಷ್ಟ್ರದಲ್ಲೂ ಇದೇ ಪದ್ಧತಿಯುಂಟು, ಅಲ್ಲಿ ಅದಕ್ಕೆ ಉಖಾಣೆ ಅನ್ನುತ್ತಾರೆ.

ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಕರೆಯಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಹೆಸರಿನ ಕಟ್ಟಳೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಕಟ್ಟಳೆಯ ಜೊತೆಗೆ ಆ ಎರಡು ಸಾಲಿನ ತುಂಟತನವೂ ಹೋಗಬೇಕೆಂದು ಯಾರು ಹೇಳಿದರು? ನೀವೇ ವಿಚಾರ ಮಾಡಿ. ಹೊಸ ಮನೆಗೆ ಕಾಲಿಟ್ಟ ಹುಡುಗಿಯ ಮಾತನ್ನು ಇಡೀ ಮನೆ, ಮಾವ ಮೈದುನ ಆದಿಯಾಗಿ, ಉಸಿರು ಹಿಡಿದು ಕೇಳುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ! ಆ ಎರಡು ಸಾಲಿನಲ್ಲಿ ಅವಳು ಜಾಣೆಯೋ, ಕುಚೇಷ್ಟೆಯವಳೋ, ಹೆದರುಪುಕ್ಕಲಿಯೋ ಎಲ್ಲರಿಗೂ ತಿಳಿದುಹೋಗುತ್ತಿತ್ತು. ಮೊನ್ನೆಯೊಂದು ಮದುವೆಯಲ್ಲಿ ಒಡಪು ಹೇಳು ಅಂದಾಗ ಮದುಮಗಳು ಮೊಬೈಲು ತೆಗೆದು, ಅದರಲ್ಲಿ ಸಿಕ್ಕಿದ್ದನ್ನು ಓದಿದಳು. ಪ್ರಾಸ ಚೆನ್ನಾಗಿಯೇ ಇತ್ತು. ಯಾರೂ ನಗಲಿಲ್ಲ. ಅದು ಆಕೆಯದಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ!

ನಮ್ಮ ಓಣಿಯಲ್ಲಿ ಒಡಪು ಮತ್ತೆ ಶುರುವಾದದ್ದು ಒಂದು ಕೌದಿಯಿಂದ. ಟ್ರಂಕಿನ ತುಂಬ ಹಳೆಯ ಸೀರೆಗಳು. ಪಾತ್ರೆಯವನಿಗೆ ಕೊಟ್ಟರೆ ಒಂದು ಸ್ಟೀಲಿನ ಡಬ್ಬಿ ಬರುತ್ತದೆ, ಅಷ್ಟೆ. ಬೇಡ, ಕೌದಿ ಹೊಲಿಯೋಣ ಅಂತ ನಾಲ್ಕು ಜನ ಸೇರಿದೆವು. ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ಮಕ್ಕಳು ಶಾಲೆಯಿಂದ ಬರುವುದರೊಳಗೆ. ಹೊಲಿಯುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ನೈಲಾನು, ಪಾಲಿಯೆಸ್ಟರಿನ ಸೀರೆ ಬೇಡ. ಸೂಜಿ ಸಲೀಸಾಗಿ ಹೋಗುತ್ತದೆ ನಿಜ, ಆದರೆ ಪದರ ಜಾರುತ್ತದೆ, ಹೊದ್ದರೆ ಬೆಚ್ಚಗೂ ಇರುವುದಿಲ್ಲ. ಮೆತ್ತಗಾದ ಹತ್ತಿ ಸೀರೆ, ಹಳೆಯ ಧೋತರ ಇವೇ ಸರಿ. ಕೆಳಗೆ ಒಂದು ದೊಡ್ಡ ಸೀರೆ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿಗೆ ಸಾಲುಹೊಲಿಗೆ ಹಾಕುತ್ತ ಬರಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವು ಹೊಲಿಯುತ್ತಾರೆ. ಅವರು ಅದನ್ನು ‘ಫೂಲಾ’ ಅನ್ನುತ್ತಾರೆ, ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಪೂರ್ತಿಯಾಗಲೇ ಇಲ್ಲ. ಅದನ್ನು ನೋಡಿ ನಾವೂ ಹಾಕಿದೆವು. ನಮ್ಮ ಹೂವು ಹೂವಿಗಿಂತ ಕರಿಗಡುಬಿನ ಹಾಗೆಯೇ ಕಾಣುತ್ತದೆ, ಇರಲಿ.

ದೀಪಾವಳಿಗೆ ಹಿಡಿದ ಕೌದಿ ಯುಗಾದಿಗೆ ಮುಗಿಯಿತು. ಅಷ್ಟರಲ್ಲಿ ನಾಲ್ವರು ಹೋಗಿ ಒಂಬತ್ತಾಗಿದ್ದೆವು. ಮೊದಮೊದಲು ಬಾಯಿಗೆ ಬರುತ್ತಿದ್ದದ್ದು ಬರೀ ಗ್ಯಾಸು, ನೀರು, ಮಕ್ಕಳ ಮಾರ್ಕು. ಸೂಜಿ ನಡೆಯುತ್ತಿತ್ತು, ಮಾತು ಮಾತ್ರ ಅಲ್ಲಲ್ಲೇ ಕುಂಟುತ್ತಿತ್ತು. ಪಕ್ಕದ ಮನೆಯ ಸೊಸೆ, ದಾವಣಗೆರೆಯ ಹುಡುಗಿ, ಬಂದು ಒಂದು ವರ್ಷವಾದರೂ ನಮ್ಮನ್ನು ನೋಡಿ ತುಟಿಯಂಚಿನಲ್ಲಿ ನಕ್ಕು ಒಳಗೆ ಹೋಗುವುದಷ್ಟೇ. ‘ಜಂಬದವಳು’ ಎಂದು ಓಣಿ ತೀರ್ಪು ಕೊಟ್ಟುಬಿಟ್ಟಿತ್ತು. ಕೌದಿಗೆ ಬಂದಾಗಲೂ ಅವಳು ತಲೆಯೆತ್ತದೆ ಹೊಲಿದಳು. ಆಮೇಲೆ ಒಂದು ದಿನ ಓಣಿಯ ಹಿರಿಯಜ್ಜಿ ದಾರ ಪೋಣಿಸಲು ಅವಳ ಕೈಗೆ ಕೊಟ್ಟು, ತಾನು ಮೆಲ್ಲಗೆ ಒಂದು ಹಾಡು ಎತ್ತಿದರು. ಹುಡುಗಿ ಎರಡನೇ ಸಾಲಿಗೆ ದನಿ ಕೂಡಿಸಿದಳು! ಎಂಥ ದನಿ ಅಂತೀರಿ, ತುಂಬಿದ ಕೊಡದಿಂದ ನೀರು ಬಗ್ಗಿಸಿದ ಹಾಗೆ. ಸಂಗೀತದ ಪಾಠ ಆರು ವರ್ಷ ಆಗಿತ್ತಂತೆ. ಮದುವೆಯಾದ ಮೇಲೆ “ಹಾಡು” ಅಂತ ಯಾರೂ ಕೇಳಲಿಲ್ಲ, ಅವಳೂ ಹಾಡಲಿಲ್ಲ.

ಇದರ ಬಗ್ಗೆ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ ಎಂದು ನನಗೆ ಗೊತ್ತಾದದ್ದು ಆಮೇಲೆ, ಮಗಳು ಓದಿ ಹೇಳಿದಾಗ. ಇಂಗ್ಲೆಂಡಿನಲ್ಲಿ ದೊಡ್ಡವರಿಗಾಗಿ ನಡೆಸುವ ತರಗತಿಗಳಿವೆ. ಕೆಲವು ಹಾಡಿನವು, ಕೆಲವು ಕೈಕಸೂತಿಯಂಥ ಕರಕುಶಲದವು, ಕೆಲವು ಕಥೆ ಕವಿತೆ ಬರೆಯುವಂಥವು. ಮೊದಲು ಪರಿಚಯವಿಲ್ಲದವರು ಅಲ್ಲಿ ಏಳು ತಿಂಗಳಲ್ಲಿ ಒಬ್ಬರಿಗೊಬ್ಬರು ಎಷ್ಟು ಹತ್ತಿರವಾದರು ಎಂದು ಆಕ್ಸ್‌ಫರ್ಡಿನ ಸಂಶೋಧಕರು ನೋಡಿದರು. 2015ರಲ್ಲಿ ಅದು ಪ್ರಕಟವಾಯಿತು. ಏಳು ತಿಂಗಳ ಕೊನೆಗೆ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಒಂದೇ ಸಮ ಆಪ್ತರಾಗಿದ್ದರು. ಆದರೆ ಹಾಡಿನವರು ಮಾತ್ರ ಮೊದಲ ತಿಂಗಳಲ್ಲೇ ಹತ್ತಿರ ಬಂದುಬಿಟ್ಟಿದ್ದರು! ನಮ್ಮ ಕೌದಿಗೂ ಈ ಲೆಕ್ಕ ಸರಿಹೊಂದುತ್ತದೆ ನೋಡಿ. ಹೊಲಿಗೆ ನಮ್ಮನ್ನು ಕೂಡಿಸಿ ಕೂರಿಸಿತು, ಆದರೆ ದನಿ ಕೂಡಿದ ದಿನವೇ ಮುಖ ನೋಡಿ ಮಾತಾಡಿದೆವು.

ನಗುವಿನ ವಿಷಯವೂ ಹೀಗೆಯೇ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ಮನಶ್ಶಾಸ್ತ್ರಜ್ಞರು ಜನ ಎಲ್ಲೆಲ್ಲಿ ನಗುತ್ತಾರೋ ಅಲ್ಲಿ ಹೋಗಿ ಕಿವಿಗೊಟ್ಟು ಸಾವಿರಕ್ಕೂ ಹೆಚ್ಚು ನಗುಗಳನ್ನು ಬರೆದಿಟ್ಟುಕೊಂಡರು. 2000ದಲ್ಲಿ ನಗುವಿನ ಮೇಲೆಯೇ ಒಂದು ಪುಸ್ತಕ ತಂದರು. ಹತ್ತು ನಗುವಿನಲ್ಲಿ ಎರಡಕ್ಕೂ ನೆಟ್ಟಗೆ ತಮಾಷೆಯ ಮಾತು ಕಾರಣವಾಗಿರಲಿಲ್ಲ. “ಅಯ್ಯೋ, ನೀನೂ ಬಂದೆಯಾ?” ಎಂಬಂಥ ಬರೀ ಮಾತಿಗೇ ಜನ ನಕ್ಕಿದ್ದರು. ಮನುಷ್ಯ ಒಬ್ಬನೇ ಇರುವಾಗಿಗಿಂತ ಜೊತೆಯಲ್ಲಿರುವಾಗ ಮೂವತ್ತು ಪಟ್ಟು ಹೆಚ್ಚು ನಗುತ್ತಾನಂತೆ. 1995ರಲ್ಲಿ ಮುಂಬಯಿಯ ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರೊಂದಿಗೆ ನಗೆಕೂಟ ಶುರು ಮಾಡಿದಾಗಲೂ ಮೊದಲು ಜೋಕು ಹೇಳಿಯೇ ನಕ್ಕರು. ಕೆಲವೇ ದಿನಗಳಲ್ಲಿ ಜೋಕು ತೀರಿಹೋಯಿತು, ನಗು ಮಾತ್ರ ಊರೂರಿಗೆ ಹಬ್ಬಿತು. ಬೆಳಿಗ್ಗೆ ಎದ್ದು ಪಾರ್ಕಿಗೆ ಹೋಗಿ ಕೈ ಮೇಲೆತ್ತಿ ಹಾ ಹಾ ಅನ್ನುವುದು ನನಗಂತೂ ಆಗದ ಮಾತು. ಆ ಹೊತ್ತಿಗೆ ರೊಟ್ಟಿ ಬಡಿಯುವವರು ಯಾರು? ಮಾಡುವವರು ಮಾಡಲಿ.

ಈಗ ನಮ್ಮ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಹಾಡಿನ ಮಟ್ಟಿಗೆ ಅವರು ನಡೆದಾಡುವ ಕಣಜ. ವಾದಿರಾಜರ ಲಕ್ಷ್ಮೀ ಶೋಭಾನೆ, ಅದೇ ಮದುವೆಮನೆಗಳಲ್ಲಿ ಹಾಡುವಂಥದು, ಸಮುದ್ರಮಥನದಿಂದ ಹಿಡಿದು ಲಕ್ಷ್ಮೀದೇವಿಯ ಮದುವೆಯವರೆಗೆ ಒಂದು ನುಡಿ ತಪ್ಪದೆ ಬಾಯಲ್ಲಿದೆ. ಹರಪನಹಳ್ಳಿ ಭೀಮವ್ವನ (1823–1903) ಹಾಡು ಬೇಕೇ, ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು. ಗಿರಿಯಮ್ಮ ನಮ್ಮ ರಾಣೆಬೆನ್ನೂರಿನವರೇ, ಹದಿನೆಂಟನೇ ಶತಮಾನದವರು. ಮಲೇಬೆನ್ನೂರಿಗೆ ಮದುವೆಯಾಗಿ ಹೋಗಿ, ಹತ್ತಿರದ ಹೆಳವನಕಟ್ಟೆಯ ರಂಗನಾಥನನ್ನು ಅಂಕಿತವಾಗಿಟ್ಟುಕೊಂಡು ಹಾಡು ಕಟ್ಟಿದರು. ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಿಕನ ಕಥೆ ಎಲ್ಲ ಹೆಂಗಸರು ಕೂತು ಹಾಡಿಕೊಳ್ಳಲೆಂದೇ ಕಟ್ಟಿದ ಹಾಗಿವೆ.

ಈ ಉದ್ದಾಲಿಕನ ಕಥೆ ಗೊತ್ತೇ ನಿಮಗೆ? ಜೈಮಿನಿ ಭಾರತದಲ್ಲಿ ಬರುವಂಥದು, ಲಕ್ಷ್ಮೀಶ ಕವಿಯೂ ಹೇಳಿದ್ದಾನೆ. ಋಷಿಯ ಹೆಂಡತಿ ಚಂಡಿ. ಹೆಸರಿಗೆ ತಕ್ಕ ಹೆಣ್ಣು. ಗಂಡ ಏನು ಹೇಳಿದರೂ ತಿರುಗಾಮುರುಗಾ ಮಾಡುವವಳು. ನೀರು ತಾ ಅಂದರೆ ತರುವುದಿಲ್ಲ, ಬೇಡ ಅಂದರೆ ತರುತ್ತಾಳೆ. ಪಾಪ, ಋಷಿ ಸೊರಗಿಹೋದ. ಇನ್ನೊಬ್ಬ ಮುನಿ ಬಂದು, “ನಿನಗೆ ಬೇಕಾದ್ದರ ಉಲ್ಟಾ ಹೇಳಯ್ಯಾ” ಎಂದು ಉಪಾಯ ಕೊಟ್ಟ. ಅಪ್ಪನ ಶ್ರಾದ್ಧ ಬಂತು. “ಈ ಸಲ ಶ್ರಾದ್ಧ ಬೇಡ, ಒಳ್ಳೆಯ ಬ್ರಾಹ್ಮಣರನ್ನು ಕರೆಯಬೇಡ, ಭಕ್ಷ್ಯ ಮಾಡಬೇಡ” ಅಂದ. ಚಂಡಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು! ಕೊನೆಗೆ ಸಂತೋಷದಲ್ಲಿ ಮೈಮರೆತು, “ಈ ಪಿಂಡವನ್ನು ನದಿಗೆ ಬಿಡು” ಎಂದು ನೆಟ್ಟಗೆ ಹೇಳಿಬಿಟ್ಟ. ತಿಪ್ಪೆಗೆ ಎಸೆದಳು. ಋಷಿ ಕಲ್ಲಾಗು ಎಂದು ಶಪಿಸಿದ.

ಅಜ್ಜಿ ಈ ಕಥೆ ಹಾಡಿ ಹೇಳುವಾಗ ನಮ್ಮ ಹೊಲಿಗೆ ನಿಂತುಹೋಗುತ್ತದೆ. ಗಂಡನ ದನಿ ಬೇರೆ, ಚಂಡಿಯ ದನಿ ಬೇರೆ, ಉಪಾಯ ಹೇಳುವ ಮುನಿಯ ಮೂಗುದನಿ ಬೇರೆ. ಹಾಡು ಮುಗಿದ ಮೇಲೆ ನಮ್ಮಲ್ಲಿ ಪಂಚಾಯ್ತಿ ಶುರು. “ಮದ್ಲ ಒಂದಿನಾನೂ ಆಕಿನ್ನ ‘ನಿನಗೇನು ಬೇಕು’ ಅಂತ ಕೇಳ್ಲಿಲ್ಲಲ್ಲ ಆ ಋಷಿ?” ಎಂದು ಒಬ್ಬರು. “ನಮ್ಮನ್ಯಾಗ ಉಲ್ಟಾ ಹೇಳೂದು ನಾನ ಮಾಡ್ತೀನಿ. ‘ಜಾತ್ರಿಗೆ ನಾ ಬರಂಗಿಲ್ಲ’ ಅಂದ್ರ ತಾವ ಆಟೋ ತರಸ್ತಾರ” ಎಂದು ಇನ್ನೊಬ್ಬರು. ಆ ದಿನ ನಕ್ಕದ್ದಕ್ಕೆ ಓಣಿಯ ಗಂಡಸರು ಕಿಟಕಿಯಲ್ಲಿ ಇಣುಕಿದರು.

ಇಂಥ ಅಜ್ಜಿ ಮದುವೆಮನೆಗಳಲ್ಲಿ ಎಲ್ಲಿರುತ್ತಿದ್ದರು ಗೊತ್ತೇ? ಒಳಕೋಣೆಯ ಬಾಗಿಲ ಹಿಂದೆ. 31ನೇ ವಯಸ್ಸಿಗೆ ಗಂಡ ತೀರಿಕೊಂಡರು, ಈಗ ಅಜ್ಜಿಗೆ 78. ಶುಭಕಾರ್ಯದಲ್ಲಿ ಮುತ್ತೈದೆಯರೇ ಹಾಡಬೇಕು. ಮುತ್ತೈದೆಯರಿಗೆ ಹಾಡು ಬರುವುದಿಲ್ಲ! ಹೀಗಾಗಿ ಅಜ್ಜಿ ಬಾಗಿಲ ಮರೆಯಿಂದ ಒಂದೊಂದು ಸಾಲನ್ನು ಪಿಸುಗುಟ್ಟಿ ಎತ್ತಿಕೊಡುವುದು, ಹೊರಗೆ ಹಸೆಯ ಮುಂದೆ ರೇಷ್ಮೆ ಸೀರೆಯವರು ಹಾಡುವುದು. ಇದು ಎಷ್ಟೋ ಮದುವೆಗಳಲ್ಲಿ ನಡೆದಿದೆ. ನೋಡಿದವರೆಲ್ಲ ಸರಿಯೆಂದೇ ಅಂದುಕೊಂಡಿದ್ದರು. ನಿಮ್ಮ ಊರಿನಲ್ಲೂ ಇಂಥ ಬಾಗಿಲು ಒಂದಾದರೂ ಇರಬೇಕು, ಒಮ್ಮೆ ಹಿಂದೆ ತಿರುಗಿ ನೋಡಿ.

ಕೌದಿಯ ಗುರುವಾರಗಳಲ್ಲಿ ಒಡಪಿನ ಸರದಿ ಬರುತ್ತಿತ್ತು. ಕೂತ ಸಾಲಿನಂತೆ ಒಬ್ಬೊಬ್ಬರು ಒಂದೊಂದು ಹೇಳಬೇಕು, ಹಳೆಯದನ್ನಲ್ಲ, ಸ್ವಂತದ್ದನ್ನು. ಅಜ್ಜಿಯ ಹತ್ತಿರ ಬಂದಾಗ ಯಾರೂ ಏನೂ ಅನ್ನದೆ ಮುಂದಿನವರಿಗೆ ದಾಟಿಬಿಡುತ್ತಿದ್ದರು. ಅಜ್ಜಿಯೂ ಆ ಹೊತ್ತಿಗೆ ಸರಿಯಾಗಿ ಸೂಜಿಯ ಕಣ್ಣು ಹುಡುಕುತ್ತಿದ್ದರು. ಒಂದು ಗುರುವಾರ ಆ ದಾವಣಗೆರೆಯ ಹುಡುಗಿ, ಗೊತ್ತಿಲ್ಲದೆಯೋ ಗೊತ್ತಿದ್ದೋ, “ಅಜ್ಜಿ, ನಿಮ್ಮದು?” ಅಂದಳು.

ಎಲ್ಲರ ಕೈ ನಿಂತಿತು. “ನನ್ನದೇನದ ತಂಗಿ, ನನ್ನನ್ನ ಯಾರು ಕೇಳ್ತಾರ” ಎಂದರು ಅಜ್ಜಿ. “ನಾನು ಕೇಳ್ತಿದೀನಲ್ಲ ಅಜ್ಜಿ” ಅಂದಳು ಹುಡುಗಿ. ಅಜ್ಜಿ ಸ್ವಲ್ಪ ಹೊತ್ತು ಕೌದಿಯ ಮೇಲೆ ಕೈಯಾಡಿಸಿದರು. ಆಮೇಲೆ ಹೇಳಿದರು (ಹೆಸರಿನ ಜಾಗದಲ್ಲಿ ಚುಕ್ಕಿ ಇಟ್ಟಿದ್ದೇನೆ):

ಜ್ವಾಳ ಕೊಯ್ದ ಹೊಲದಾಗ ಕೂಳೆ ನಿಂತಾವ ಸಾಲು ಸಾಲು,
......ರಾಯರ ಹೆಸರು ಹೇಳೂದು ಇವತ್ತು ಬಂತು ನನ್ನ ಪಾಲು.

47 ವರ್ಷದ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದದ್ದು. ಆ ಕ್ಷಣಕ್ಕೆ ಕಟ್ಟಿದ್ದೋ, ಮನಸ್ಸಿನಲ್ಲೇ ಎಂದೋ ಕಟ್ಟಿಟ್ಟದ್ದೋ, ನಾವು ಕೇಳಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಬ್ಬರು ಸೆರಗಿನಿಂದ ಕಣ್ಣೊತ್ತಿಕೊಂಡರು. ಅಷ್ಟರಲ್ಲಿ ಅಜ್ಜಿಯೇ, “ಯಾಕ ಹಿಂಗ ಕೂತೀರಿ? ಪ್ರಾಸ ತಪ್ಪಿತೇನು?” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು. ಆಮೇಲೆ ನಾವು ನಕ್ಕೆವು. ಅತ್ತೆವೋ ನಕ್ಕೆವೋ ಅಂತ ಆಗ ಯಾರಾದರೂ ಕೇಳಿದ್ದರೆ ಹೇಳುವುದು ಕಷ್ಟವಿತ್ತು.

ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾದೀತು. “ಇದೆಲ್ಲಾ ನಮ್ಮ ಮನಿಗೆ ಸರಿಬರೂದಿಲ್ಲ” ಎಂದು ಒಬ್ಬರು ಮರುವಾರದಿಂದ ಬರುವುದನ್ನು ಬಿಟ್ಟರು. ಇನ್ನೂ ಬಂದಿಲ್ಲ. ಎದುರಿಗೆ ಸಿಕ್ಕಾಗ ಮಾತಾಡುತ್ತಾರೆ, ಅಷ್ಟು ಸಾಕು ಸದ್ಯಕ್ಕೆ. ಈ ವೈಶಾಖದಲ್ಲಿ ಓಣಿಯಲ್ಲೇ ಒಂದು ಮದುವೆಯಾಯಿತು. ನಾವು ನಾಲ್ಕೈದು ಜನ ಮೊದಲೇ ಹೋಗಿ, “ಅಜ್ಜಿ ಹೊರಗೆ ನಮ್ಮ ಜೊತೆ ಕೂತು ಹಾಡಿದರೆ ನಾವೂ ಹಾಡುತ್ತೇವೆ, ಇಲ್ಲದಿದ್ದರೆ ನಮಗೆ ಸಾಲು ನೆನಪಿರುವುದಿಲ್ಲ” ಎಂದು ಮದುಮಗಳ ತಾಯಿಗೆ ಹೇಳಿದೆವು. ಆಕೆ ಎರಡು ದಿನ ತೆಗೆದುಕೊಂಡರು. ಯಾರ್‍ಯಾರನ್ನೋ ಕೇಳಿದರು. ಕೊನೆಗೆ ಶೋಭಾನೆಗೆ ಹೂಂ ಅಂದರು, ಆರತಿಗೆ ಮಾತ್ರ ಬೇಡ ಅಂದರು. ಅಜ್ಜಿ ಚಪ್ಪರದಲ್ಲಿ, ಜಮಖಾನೆಯ ನಟ್ಟನಡುವೆ, ಕಾಲು ಚಾಚಿಕೊಂಡು ಕೂತು ಹಾಡಿದರು. ಆರತಿಯ ಹೊತ್ತಿಗೆ ತಾವಾಗಿಯೇ ಎದ್ದು ಒಳಗೆ ಹೋದರು. ನನಗೆ ಅದು ಇನ್ನೂ ಚುಚ್ಚುತ್ತದೆ. ಮುಂದಿನ ಮದುವೆಗೆ ನೋಡೋಣ.

ಮದುವೆಯ ಮಾತು ಬಂತಲ್ಲ, ಬೀಗರ ಹಾಡಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲೇ ಗೋಳುಹೊಯ್ದುಕೊಳ್ಳುವುದು ಚಂದದ ಪದ್ಧತಿ. ಬೀಗಿತ್ತಿ ಎಷ್ಟು ಹೋಳಿಗೆ ತಿಂದಳು, ಬೀಗರ ಪೇಟ ಹೇಗೆ ಜಾರಿತು, ಇಂಥವಕ್ಕೆ ಯಾರಿಗೆ ಬೇಜಾರು? ಆದರೆ ನಾನು ಚಿಕ್ಕವಳಿದ್ದಾಗ ಕೇಳಿದ ಕೆಲವು ಬೀಗರ ಹಾಡುಗಳು ಮದುಮಗಳ ಕಪ್ಪು ಬಣ್ಣವನ್ನೋ, ಅವಳ ತಂದೆ ಕೊಟ್ಟ ಹಗುರ ಒಡವೆಯನ್ನೋ ಎತ್ತಿ ಆಡುವಂಥವು. ಹಾಡುವವರು ನಗುತ್ತಿದ್ದರು, ಆ ಹುಡುಗಿ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಹಳೆಯದೆಂದು ಅದನ್ನೆಲ್ಲ ಜೋಪಾನ ಮಾಡಬೇಕಾಗಿಲ್ಲ. ನಮ್ಮ ಗುರುವಾರಕ್ಕೆ ಮೂರು ವಿಷಯ ಕಟ್ಟುನಿಟ್ಟಾಗಿ ಹೊರಗೆ: ಮೈಬಣ್ಣ, ಮಕ್ಕಳಾಗದ್ದು, ತವರಿನಿಂದ ಬಂದದ್ದು ಬಾರದ್ದು. ಅತ್ತೆಯ ಮೇಲೆ ಒಡಪು ಕಟ್ಟಬಹುದು, ಆದರೆ ಅತ್ತೆ ಎದುರಿಗೆ ಕೂತಿದ್ದರೆ ಮಾತ್ರ! ಈ ನಿಯಮ ಬಂದ ಮೇಲೆ ಇಬ್ಬರು ಅತ್ತೆಯರು ತಪ್ಪದೆ ಬರುತ್ತಾರೆ, ಸೊಸೆ ಏನು ಹೇಳುತ್ತಾಳೋ ಅಂತ ಕುತೂಹಲ.

ನಿಮಗೆ ಕಟ್ಟಲು ಬರುವುದಿಲ್ಲ ಅನ್ನುತ್ತೀರಾ? ಬರುತ್ತದೆ. ಎದುರಿಗೆ ಕಾಣುವ ವಸ್ತುವಿನಿಂದ ಶುರು ಮಾಡಿ. ತಾವರೆ, ಚಂದ್ರ, ಮುತ್ತು ರತ್ನ ಬೇಡ, ಅವು ಎಲ್ಲರ ಒಡಪಿನಲ್ಲೂ ಇವೆ. ನಿಮ್ಮ ಅಡುಗೆಮನೆಯ ಕುಕ್ಕರು, ನಿಮ್ಮ ಊರಿನ ಬಸ್‌ಸ್ಟ್ಯಾಂಡು, ನಿಮ್ಮವರ ಸ್ಕೂಟರು ಸಾಕು. ಕೊನೆಯ ಶಬ್ದವನ್ನು ಮೊದಲು ಆರಿಸಿ, ಅದಕ್ಕೆ ಪ್ರಾಸ ಹುಡುಕಿ, ಆಮೇಲೆ ನಡುವೆ ತುಂಬಿ. ಪಲ್ಯದ ಹೆಚ್ಚುಗೆ ಮುಗಿಯುವುದರೊಳಗೆ ಒಂದು ಒಡಪಾಗುತ್ತದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂದು ನಿಮಗೆಲ್ಲ ಗೊತ್ತಲ್ಲ. ಅದನ್ನೇ ಇಟ್ಟುಕೊಂಡು ನಾನೊಂದು ಕಟ್ಟಿದೆ. ಚುಕ್ಕಿಯ ಜಾಗದಲ್ಲಿ ನಿಮ್ಮವರ ಹೆಸರು ಹಾಕಿಕೊಳ್ಳಬಹುದು, ಸಿಟ್ಟಿನ ಗಂಡಸರು ಎಲ್ಲ ಊರಲ್ಲೂ ಇದ್ದಾರೆ:

ಬ್ಯಾಡಗಿ ಮೆಣಸಿನಕಾಯಿ ನೋಡಾಕ ಕೆಂಪು, ತಿಂದ್ರ ಖಾರ ಇಲ್ಲ,
......ರಾಯರ ಕಣ್ಣು ಕೆಂಪಾದ್ರೂ ಮನಸಿನ್ಯಾಗ ಏನೂ ಇಲ್ಲ.

ಇದು ಹೇಗೋ ನಮ್ಮವರ ಕಿವಿಗೆ ಬಿತ್ತು. ಎರಡು ದಿನ ಮುಖ ಬಿಗಿದುಕೊಂಡಿದ್ದರು. ಮೂರನೇ ದಿನ ಬೀಗರೊಬ್ಬರ ಎದುರಿಗೆ ತಾವೇ ಅದನ್ನು ಹೇಳಿ ಮೀಸೆಯಡಿ ನಕ್ಕರು. ಈಗ ಪ್ರತಿ ಗುರುವಾರ ರಾತ್ರಿ ಊಟಕ್ಕೆ ಕೂತಾಗ, “ಈ ವಾರ ನನ್ನ ಮ್ಯಾಲೇನು ಕಟ್ಟಿದಿ?” ಎಂದು ಕೇಳುವುದಿದೆ. ಇಲ್ಲ ಅಂದರೆ ನಿರಾಸೆ! ಎಲ್ಲ ಮನೆಯಲ್ಲೂ ಹೀಗಾಗುವುದಿಲ್ಲ. ಗಂಡಂದಿರು ಗೊಣಗುವ ಮನೆಗಳೂ ಇವೆ, ಅಂಥವರು ಒಡಪಿನಲ್ಲಿ ಹೆಸರಿನ ಬದಲು ‘ನಮ್ಮನಿಯವರು’ ಅಂದು ದಾಟಿಸಿಬಿಡುತ್ತಾರೆ.

ಹೆಂಗಸರು ಮನೆಯೊಳಗಿನದನ್ನೇ ಹಿಡಿದು ನಗಿಸುವುದು ಹೊಸದೂ ಅಲ್ಲ. ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು, 1942ರಲ್ಲಿ ‘ಕೊರವಂಜಿ’ ಎಂಬ ನಗೆಪತ್ರಿಕೆ ಶುರು ಮಾಡಿದಾಗ ಅದರಲ್ಲಿ ಬರೆಯುತ್ತಿದ್ದವರಲ್ಲಿ ಟಿ. ಸುನಂದಮ್ಮನವರೂ (1917–2006) ಒಬ್ಬರು. ಹೆಂಗಸರಿಗೆ ಹಾಸ್ಯ ಬರೆಯಲು ಬರುವುದಿಲ್ಲ ಅನ್ನುತ್ತಿದ್ದ ಕಾಲದಲ್ಲಿ ಅಡುಗೆಮನೆ, ನೆರೆಮನೆಗಳನ್ನೇ ಇಟ್ಟುಕೊಂಡು ನಗಿಸಿದರು. ಅದಕ್ಕೂ ಮೊದಲು, 1931ರಲ್ಲಿ, ಹಲಸಂಗಿಯ ಗೆಳೆಯರು ವಿಜಾಪುರ ಸೀಮೆಯ ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬೀಸುವ, ಕುಟ್ಟುವ ಹಾಡುಗಳನ್ನು ಕೇಳಿ ಬರೆದು ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದರು. ಲೈಬ್ರರಿಯಲ್ಲಿ ಸಿಕ್ಕರೆ ತಂದು ಓದಿ. ಹಾಡು ಕಟ್ಟಿದ ಆ ತಾಯಂದಿರು ಯಾರೆಂದು ಮಾತ್ರ ತಿಳಿಯುವುದಿಲ್ಲ.

ನೀವೂ ನಿಮ್ಮ ಓಣಿಯಲ್ಲಿ ಶುರು ಮಾಡುವುದಾದರೆ ಕೆಲವು ವ್ಯವಹಾರದ ಮಾತು. ನಾಲ್ಕು ಜನ ಸಾಕು, ಹನ್ನೆರಡರ ಮೇಲೆ ಬೇಡ, ಎರಡು ಗುಂಪಾಗಿ ಪಿಸುಮಾತು ಶುರುವಾಗುತ್ತದೆ. ಕೈಗೆ ಏನಾದರೂ ಕೆಲಸ ಇರಲಿ: ಕೌದಿ, ಶಾವಿಗೆ, ಹೂಬತ್ತಿ, ಹುಣಸೆಹಣ್ಣು ಬಿಡಿಸುವುದು. ಕೈ ಖಾಲಿಯಿದ್ದರೆ ಬಾಯಿ ಬೇರೆಯವರ ಮನೆಗೆ ಹೋಗುತ್ತದೆ. ತಿಂಡಿಯ ವಿಷಯದಲ್ಲಿ ಬಹಳ ಎಚ್ಚರ! ಒಂದು ಮನೆಯಲ್ಲಿ ಮೈಸೂರುಪಾಕು ಮಾಡಿದರು, ಮರುವಾರದವರು ಜಾಮೂನು ಮಾಡಿದರು, ಮೂರನೇ ವಾರದವರು ಮನೆಯಲ್ಲಿ ಕಾಯಿಲೆ ಎಂದು ಬೇಡವೆಂದರು. ಕಾಯಿಲೆಯೂ ಇರಲಿಲ್ಲ, ಏನೂ ಇರಲಿಲ್ಲ. ಆಗಿನಿಂದ ಮಂಡಕ್ಕಿ ಗಿರ್ಮಿಟ್ ಮತ್ತು ಚಹಾ, ಅಷ್ಟೇ. ಉಳ್ಳಾಗಡ್ಡಿ ಒಗ್ಗರಣೆಗೆ ಹುಣಸೆರಸ, ಬೆಲ್ಲ ಹಾಕಿ ಗಟ್ಟಿಯಾಗಿ ಕುದಿಸಿ ಬೆಳಿಗ್ಗೆಯೇ ಇಟ್ಟುಕೊಂಡರೆ, ಬಂದವರ ಎದುರಿಗೇ ಮಂಡಕ್ಕಿಗೆ ಕಲಸಿ ಪುಟಾಣಿ ಹಿಟ್ಟು ಉದುರಿಸಿ ಕೊಡಬಹುದು. ಮೊಬೈಲುಗಳನ್ನು ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಹಾಕಿಬಿಡಿ. ಹಾಡನ್ನು ರೆಕಾರ್ಡು ಮಾಡಿಟ್ಟುಕೊಳ್ಳಬೇಕೆಂದರೆ ಒಂದೇ ಮೊಬೈಲು ಸಾಕು. ಓಣಿಯ ಹೊರಗೆ ಅದು ಹೋಗಕೂಡದು ಅಂತ ಮಾತಿರಲಿ, ಇಲ್ಲದಿದ್ದರೆ ಮರುವಾರ ಯಾರೂ ಬಾಯಿ ಬಿಡುವುದಿಲ್ಲ.

ಇನ್ನೊಂದು, ಒಂದು ನೋಟುಬುಕ್ಕು ಇಡಿ. ನಮ್ಮದು ಇನ್ನೂರು ಪುಟದ್ದು, ಅಕ್ಷರ ಚೆನ್ನಾಗಿದೆ ಅಂತ ದಾವಣಗೆರೆಯ ಹುಡುಗಿಯ ವಶದಲ್ಲಿದೆ. ಹಾಡು ಬರೆದು, ಕೆಳಗೆ ಯಾರು ಹೇಳಿಕೊಟ್ಟದ್ದು ಎಂದು ಹೆಸರು ಬರೆಯುವುದು ವಾಡಿಕೆ. ಮೊದಲ ಹಾಡು ಅಜ್ಜಿಯದು. ಹುಡುಗಿ ಬರೆದು ಮುಗಿಸಿ, “ಹೇಳಿಕೊಟ್ಟವರು” ಎಂದು ಬರೆದು ತಲೆಯೆತ್ತಿದಳು. ಏನೆಂದು ಬರೆಯುವುದು? ಓಣಿಗೆಲ್ಲ ಅವರು ಅಜ್ಜಿ. ಹಿರಿಯರಿಗೆ ಇಂಥ ರಾಯರ ಹೆಂಡತಿ. ರೇಷನ್ ಕಾರ್ಡಿನಲ್ಲಿ ಏನೋ ಇರಬೇಕು, ನಮಗ್ಯಾರಿಗೂ ಗೊತ್ತಿಲ್ಲ. ಗಂಡನ ಹೆಸರನ್ನು ಅಷ್ಟು ಚಂದ ಪ್ರಾಸದಲ್ಲಿ ಕೇಳಿದ ನಾವು ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ಬರಿ, ನಾ ಹೇಳ್ತೀನಿ” ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮದುವೆಗೆ ಮುಂಚಿನ ಹೆಸರಂತೆ, ಅವರ ತಾಯಿ ಇಟ್ಟದ್ದು. ಬರೆದದ್ದನ್ನು ತಿರುಗಿಸಿ ನೋಡಿ, ದೀರ್ಘ ಬಿಟ್ಟಿದ್ದೀ ಎಂದು ಹುಡುಗಿಯ ಕೈಯಲ್ಲೇ ತಿದ್ದಿಸಿದರು.